ಕತ್ತಿಯಿಲ್ಲದ ಕಾವಲುಗಾರರು

ಬಹುಕಾಲದ ಹಿಂದೆ ಇರುವಂತಿ ಎಂಬ ರಾಜಕುಮಾರಿಯಿದ್ದಳು. ಅವಳ ಮೈಯೊಳಗೇ ಇನ್ನೊಂದು ರಾಜ್ಯವಿತ್ತು. ಅಲ್ಲಿ ಹೃದಯದ ನಗಾರಿ ಹಗಲಿರುಳೂ ಮೊಳಗುತ್ತಿತ್ತು. ಮೊಣಕಾಲಿನ ಕೇರಿಯಲ್ಲಿ ಗಾಣದವರು ಎಣ್ಣೆ ತೆಗೆದು ಕೀಲುಗಳಿಗೆ ಸವರುತ್ತಿದ್ದರು. ರಾಜಕುಮಾರಿ ಕುಣಿಯುತ್ತಿದ್ದುದು ಆ ಎಣ್ಣೆಯಿಂದಲೇ.

ಆ ರಾಜ್ಯದ ದಳವಾಯಿ ಕೆಂಚರಾಯ. ಅವನ ಸೈನಿಕರ ಜೊತೆ ಕತ್ತಿಯಿಲ್ಲದ ಕಾವಲುಗಾರರೂ ಇದ್ದರು. ಮಾದಪ್ಪ ಅವರಲ್ಲಿ ಹಿರಿಯ. ಸೈನಿಕ ಕತ್ತಿ ಎತ್ತಿದ ಕೂಡಲೇ ಇವರು ಅವನ ಕೈ ಹಿಡಿದು, "ಯಾರ ಮನೆಯವನು, ಕೇಳಿದೆಯಾ?" ಎನ್ನಬೇಕು. ಅದು ಅಲ್ಲಿನ ಹಳೆಯ ಪದ್ಧತಿ.

ಒಬ್ಬ ಮಾಯಾವಿ ಆ ರಾಜ್ಯದ ಮೇಲೆ ಕಣ್ಣು ಹಾಕಿದ. ಮೊದಲು ಹಾವಾಗಿ ಬಂದ, ಹೊಡೆದಟ್ಟಿದರು. ಆಮೇಲೆ ಕೋಣವಾಗಿ ಬಂದ, ಹೊಡೆದಟ್ಟಿದರು. ಮೂರನೆಯ ಸಲ ಗಾಣದವರ ಹಾಗೆ ಹಳದಿ ರುಮಾಲು ಸುತ್ತಿಕೊಂಡು ಬಂದ. ಮಾದಪ್ಪ ಎಂದಿನಂತೆ ಸೈನಿಕನ ಕೈ ಹಿಡಿದ. ಅಷ್ಟರಲ್ಲಿ ಮಾಯಾವಿ ಒಳನುಗ್ಗಿದ. ರಾಜಕುಮಾರಿಗೆ ಕೆಂಡದಂಥ ಜ್ವರ ಬಂತು. ಏಳನೆಯ ದಿನ ಕೆಂಚರಾಯ ಅವನ ತಲೆ ಹಾರಿಸಿದ.

ಗೆದ್ದವನ ಕಿವಿಗೆ ಬುದ್ಧಿಮಾತು ಹೋಗುತ್ತದೆಯೇ?

"ನಿನ್ನಿಂದಲೇ ಇಷ್ಟೆಲ್ಲ ಆಯ್ತು. ನಿನ್ನವರನ್ನ ಕರ್ಕೊಂಡು ಹೊರಡು," ಎಂದ ಕೆಂಚರಾಯ.

"ಹೊರಡ್ತೀನಿ ದಳವಾಯಿಗಳೇ. ಆದರೆ ನಿಮ್ಮ ಸೈನಿಕರು ನೆನಪಿಟ್ಟುಕೊಂಡಿರೋದು ರುಮಾಲನ್ನ, ಮುಖವನ್ನಲ್ಲ," ಎಂದು ಮಾದಪ್ಪ ತನ್ನವರೊಡನೆ ಎಲುಬಿನ ಬೆಟ್ಟಗಳಾಚೆ ಹೊರಟುಹೋದ.

ಅವನು ಹೇಳಿದಂತೆಯೇ ಆಯಿತು. ಹಳದಿ ರುಮಾಲು ಕಂಡಲ್ಲೆಲ್ಲ ಕತ್ತಿ ಬಿತ್ತು. ಗಾಣಗಳು ನಿಂತವು. ಮೊಣಕಾಲು ಊದಿ ರಾಜಕುಮಾರಿ ಹಾಸಿಗೆ ಹಿಡಿದಳು. "ನನ್ನ ಕಾಲು ನನಗೇ ಯಾಕಮ್ಮಾ ಹಗೆಯಾಯ್ತು?" ಎಂದು ಅವಳು ಅಳುವುದು ಒಳಗಿನ ರಾಜ್ಯಕ್ಕೆಲ್ಲ ಕೇಳಿಸಿತು.

ಇನ್ನೊಬ್ಬ ಮಾಯಾವಿ ಬಂದಿರಬೇಕೆಂದು ಕೆಂಚರಾಯ ಮೊಣಕಾಲಿಗೆ ಓಡಿದ. ಅಲ್ಲಿ ಗಾಣದ ಸಿದ್ದವ್ವ ಸತ್ತ ಮಗನ ಬಳಿ ಕೂತಿದ್ದಳು.

"ಮಾಯಾವಿ ಸತ್ತು ತಿಂಗಳಾಯ್ತಲ್ಲಪ್ಪಾ," ಎಂದಳು. "ಈಗ ಯಾರನ್ನ ಕೊಲ್ತಾ ಇದ್ದೀರಿ?"

ಕೆಂಚರಾಯ ಕೈಯ ಕತ್ತಿಯನ್ನು ಕೆಳಗಿಟ್ಟ. ಅಯ್ಯೋ, ಹಗೆಯನ್ನು ಕೊಂದ ಕತ್ತಿಯಿಂದಲೇ ತನ್ನ ಮನೆಯನ್ನೂ ಕಡಿದಿದ್ದ.

ಅವನು ಬರಿಗಾಲಲ್ಲಿ ಎಲುಬಿನ ಬೆಟ್ಟಗಳನ್ನು ದಾಟಿ ಹೋಗಿ ಮಾದಪ್ಪನ ಕಾಲಿಗೆ ಬಿದ್ದ. "ತಪ್ಪಾಯ್ತು ಮಾದಪ್ಪನವರೇ, ಬನ್ನಿ."

ಮಾದಪ್ಪ ಎದ್ದ. ಕತ್ತಿಯಿಲ್ಲದವರೆಲ್ಲ ಹಿಂದಿರುಗಿ ಒಬ್ಬೊಬ್ಬ ಸೈನಿಕನ ಕೈಯನ್ನೂ ಹಿಡಿದರು. ಕತ್ತಿಗಳು ಒರೆ ಸೇರಿದವು.

ಊತ ಇಳಿಯಿತು. ರಾಜಕುಮಾರಿ ಎದ್ದು ನಡೆದಳು. ಅರಮನೆಯಲ್ಲಿ ಸಿಹಿ ಹಂಚಿದರು, ಎಲ್ಲರೂ ಸುಖವಾಗಿದ್ದರು. ಅವಳು ಮತ್ತೆ ಕುಣಿಯಲಿಲ್ಲ ಅಷ್ಟೆ. ಸಿದ್ದವ್ವನ ಗಾಣವನ್ನು ದಿನವೂ ಕೆಂಚರಾಯನೇ ತಿರುಗಿಸುತ್ತಾನಂತೆ. ಸಿದ್ದವ್ವ ಬಂದು ಎಣ್ಣೆ ತುಂಬಿಕೊಂಡು ಹೋಗುತ್ತಾಳೆ, ಅವನ ಮುಖವನ್ನು ಮಾತ್ರ ನೋಡುವುದಿಲ್ಲ.