ಲಾಂಡ್ರಿ ಗೋಡೆಯ ಪೆಟ್ಟಿಗೆ

ಸೋಮವಾರ ಬೆಳಗ್ಗೆ 9.20ಕ್ಕೆ ಠಾಣೆಗೆ ಬಂದ ನರ್ಸ್, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮಮ್ಮ ಇವತ್ತು ಉಸಿರು ಕಟ್ಟಿ 7.10ಕ್ಕೆ ಮನೆ ಪೆಟ್ಟಿಗೆಯ ತುರ್ತು ಗುಂಡಿ ಒತ್ತಿದಾರೆ. ಆಸ್ಪತ್ರೆಗೆ ಸುದ್ದಿ ಮುಟ್ಟಿದ್ದು 7.51ಕ್ಕೆ. ಆಂಬುಲೆನ್ಸ್ ಬಂದಾಗ ಎಲ್ಲಾ ಮುಗಿದಿತ್ತು. ಯಾರು ಮಾಡಿದ್ದು ಇದನ್ನ? ನೀವು ಹೇಳಿ."

ಅವರ ಬಡಾವಣೆಯ ತುರ್ತು ಕರೆಯ ಜಾಲಕ್ಕೆ ನಡುವೆ ಒಂದು ಕೇಂದ್ರ ಎಂಬುದೇ ಇಲ್ಲ. ಮನೆಗೊಂದು ಪೆಟ್ಟಿಗೆ, ಇದರ ಸುದ್ದಿಯನ್ನು ಪಕ್ಕದ್ದು, ಪಕ್ಕದ್ದರದನ್ನು ಅದರಾಚೆಯದು, ಹೀಗೆ ಆಸ್ಪತ್ರೆಯವರೆಗೆ ದಾಟಿಸಬೇಕು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರಿಗೆ ಮೂಗಿನ ತುದಿಯಲ್ಲೇ ಕೋಪ. 11 ಗಂಟೆಗೆ ಜಾಲದ ಮೆಕ್ಯಾನಿಕ್ ನೀಟಾಗಿ ಪಿನ್ ಹೊಡೆದ ವರದಿ ತಂದಿಟ್ಟ.

"ಅರವತ್ತೆರಡು ಪೆಟ್ಟಿಗೆ ಸಾರ್. ದೋಷ ಸೊನ್ನೆ."

"ಯಾರನ್ನ ಕೇಳಿ ಬರೆದ್ರಿ?"

"ಪೆಟ್ಟಿಗೆಗಳನ್ನೇ. ಚೆನ್ನಾಗಿದೀಯಾ ಅಂತ ದಿನಾ ಕೇಳ್ತೀವಿ. ಚೆನ್ನಾಗಿದೀನಿ ಅನ್ನುತ್ತೆ."

"ಕಳ್ಳರನ್ನ ನಾನೂ ಹೀಗೇ ವಿಚಾರಿಸಿದ್ರೆ ಲಾಕಪ್ಪಲ್ಲಿ ಜೇಡ ಬಲೆ ಕಟ್ಟಿರೋದು!"

ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಬಾಯಿ ಹಾಕಿದಳು. "ಸಾರ್, ಒಂದೊಂದನ್ನೂ ಅದರ ಪಕ್ಕದ್ದರ ಬಗ್ಗೆ ಕೇಳೋಣ."

ಪೆಟ್ಟಿಗೆಯ ನೆನಪಿನಲ್ಲಿ ಎಲ್ಲ ಇರುತ್ತದೆ: ಸುದ್ದಿ ಯಾರ ಕೈಗೆ ಕೊಟ್ಟೆ, ಎಷ್ಟು ಹೊತ್ತಿಗೆ, ಮುಟ್ಟಿತೆಂಬ ಉತ್ತರ ಯಾವಾಗ ಬಂತು. ಎರಡು ದಿನ ಅವಳು ಮನೆಮನೆ ಹತ್ತಿ ಇಳಿದಳು. ಪೆಟ್ಟಿಗೆಗಳ ಗಡಿಯಾರ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಪ್ರತಿಯೊಂದರ ಮುಂದೆ ನಿಂತು, ತನ್ನ ಕೈಗಡಿಯಾರಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸವೆಂದು ಮೊದಲು ಬರೆದುಕೊಂಡಳು.

ಬುಧವಾರ ಸಂಜೆಗೆ ಸಾಕ್ಷಿಗಳು ಒಂದೇ ಮಾತಾಡಿದವು. ಲಾಂಡ್ರಿಯ ಪೆಟ್ಟಿಗೆಯ ಒಂಬತ್ತು ನೆರೆಯವೂ ಅದನ್ನೇ ದೂರಿದವು: ಬೆಳಗ್ಗೆ ಏಳರಿಂದ ಎಂಟರೊಳಗೆ ಕೊಟ್ಟದ್ದನ್ನೆಲ್ಲ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಗುರುವಾರ ಬೆಳಗ್ಗೆ 7ಕ್ಕೆ ಇನ್ಸ್‌ಪೆಕ್ಟರೂ ಅವಳೂ ಲಾಂಡ್ರಿಯಲ್ಲಿದ್ದರು. ಲಾಂಡ್ರಿಯವನು ಬಾಯ್ಲರ್ ಹೊತ್ತಿಸಿದ, ಹಬೆ ನೇರ ಮೇಲಿನ ಪೆಟ್ಟಿಗೆಗೆ ಬಡಿಯಿತು. ಇನ್ಸ್‌ಪೆಕ್ಟರ್ ಮುಟ್ಟಿ ನೋಡಿ ಕೈ ಸುಟ್ಟುಕೊಂಡರು. ಕಾದ ಪೆಟ್ಟಿಗೆ ಸುದ್ದಿ ದಾಟಿಸದೆ ಮಂಕಾಗಿ ನಿಂತಿತ್ತು.

"ಇದು ವರದಿಗೆ ಯಾಕೆ ಬರಲಿಲ್ಲ?"

"ಉತ್ತರ ಒಂದು ನಿಮಿಷ ಮೀರಿದ್ರೆ ಲೆಕ್ಕಕ್ಕೆ ತಗೋಬೇಡ ಅಂತ ವರದಿ ತಯಾರಿಸೋ ಪ್ರೋಗ್ರಾಮಿನಲ್ಲಿ ಒಂದು ಸಾಲಿದೆ ಸಾರ್. ಸೇರಿಸಿದ್ದು ಮೆಕ್ಯಾನಿಕ್ಕೇ."

ಇನ್ಸ್‌ಪೆಕ್ಟರಿಗೆ ಮೈ ಉರಿದುಹೋಯಿತು. ಒಬ್ಬ ಹೆಂಗಸು ಉಸಿರಿಗೆ ಬಾಯಿ ಬಾಯಿ ಬಿಡುವಾಗ, ಈ ಮಹಾರಾಯ ಕಾಗದದ ಮೇಲೆ ಸೊನ್ನೆ ಸುತ್ತುತ್ತಿದ್ದ!

12.15ಕ್ಕೆ ಮೆಕ್ಯಾನಿಕ್ಕಿನ ಕೋಣೆಯಲ್ಲಿ ಪಂಚನಾಮೆ. ಮೇಜಿನ ಖಾನೆಯಲ್ಲಿ ಒಂದು ಡೈರಿ ಸಿಕ್ಕಿತು. ಐದು ವಾರಗಳ ನಿಜವಾದ ಅಂಕಿಗಳು, ಅವನದೇ ಕೈಬರಹ. ಪ್ರತಿ ಪುಟದ ಕೊನೆಗೆ: ಲಾಂಡ್ರಿ ಪೆಟ್ಟಿಗೆ, ಜಾಗ ಬದಲಿಸಬೇಕು.

"ಗೊತ್ತಿದ್ದೂ ಮುಚ್ಚಿಟ್ಟೆಯಾ?"

"ಮೊದಲನೇ ವರ್ಷ ಇದ್ದದ್ದು ಇದ್ದ ಹಾಗೇ ಬರೆದೆ ಸಾರ್." ಅವನು ತಲೆಯೆತ್ತಲಿಲ್ಲ. "ಮೇಲಿನೋರು ಎಲ್ಲರೆದುರು ನಿಲ್ಲಿಸಿ, ನಿನ್ನ ಕೈಲಿ ಮಾತ್ರ ಯಾಕೆ ಇಷ್ಟು ದೋಷ ಅಂತ ಉಗಿದ್ರು. ಸೊನ್ನೆ ಬರೆದೋನಿಗೆ ಚಪ್ಪಾಳೆ ತಟ್ಟಿದ್ರು. ಆಮೇಲೆ ನಾನೂ ಸೊನ್ನೆ ಬರೆದೆ. ಪೆಟ್ಟಿಗೆ ಸರಿಸಬೇಕಂದ್ರೆ ಕೆಟ್ಟಿದೆ ಅಂತ ಒಪ್ಪಿಕೋಬೇಕಲ್ಲ."

12.50ಕ್ಕೆ ಬಂಧನ. ಇನ್ಸ್‌ಪೆಕ್ಟರ್ ದುಮುದುಮು ಎನ್ನುತ್ತಲೇ ಠಾಣೆಗೆ ಬಂದರು. ರೈಟರ್ ತಿಂಗಳ ಪಟ್ಟಿ ಹಿಡಿದು ದೂರದಲ್ಲೇ ನಿಂತ. ಹೋದ ತಿಂಗಳು ಅವನು ನಿಜವಾದ ಅಂಕಿ ಬರೆದಿದ್ದ ಪಟ್ಟಿಯನ್ನು ಅವರು ಅವನ ಮುಖಕ್ಕೆ ಎಸೆದಿದ್ದರು.

"ಪತ್ತೆಯಾಗದ ಕೇಸು ಹದಿನೇಳು ಸಾರ್. ನಾಲ್ಕು ಅಂತ ಬರೆದಿದೀನಿ."

"ಹದಿನೇಳು ಅಂತ ಬರಿ!"

ರೈಟರ್ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು, ಹೊಡೆತ ತಪ್ಪಿಸಿಕೊಳ್ಳುವವನ ಹಾಗೆ ಮುಖಕ್ಕೆ ಕೈ ಅಡ್ಡ ಹಿಡಿದ. ಇನ್ಸ್‌ಪೆಕ್ಟರ್ ಆ ಕೈಯನ್ನೇ ನೋಡುತ್ತ ಕುಳಿತರು.