ಅಲುಗಿದ ಮುಖ

“ಆ ಗಾಜು ಬಿಚ್ಚಬ್ಯಾಡ್ರಿ ಸರ್. ಉಳಿದಿದ್ದೆಲ್ಲಾ ನೋಡ್ರಿ, ಅದೊಂದು ಬ್ಯಾಡ.”

ಅಜೀಜಬಿಯ ಮಾತಿಗೆ ಗುರುಬಸವರಾಜ ನಕ್ಕ. ಹಳೆಯ ಪಟಗಳ ಪ್ರದರ್ಶನ ಮಾಡುವ ಹುಕಿಯಲ್ಲಿ ದಾವಣಗೆರೆಯಿಂದ ಕೊಟ್ಟೂರಿಗೆ ಬಂದವನು ಅವನು. ಈ ಸೀಮೆಗೆ ಮೊದಲು ಕ್ಯಾಮೆರಾ ತಂದ ಯೂಸುಫ್ ಸಾಬನ ಪೆಟ್ಟಿಗೆ ಈಗ ಮರಿಮಗಳು ಅಜೀಜಬಿಯ ಹತ್ತಿರವಿತ್ತು. ಮುಚ್ಚಳ ತೆಗೆದರೆ ಪಟ ತೊಳೆಯುವ ಔಷಧದ ಹುಳಿ ಹುಳಿ ನಾತ, ಇಲಿಯ ನಾತ, ಅದರಡಿಯಲ್ಲಿ ಸಣ್ಣಗೆ ವಿಭೂತಿಯ ವಾಸನೆ.

ಆಗ ಪಟ ಮೂಡುತ್ತಿದ್ದುದೇ ಗಾಜಿನ ಮೇಲೆ. ಅಂಥ ಗಾಜುಗಳ ನಡುವೆ ಆ ಒಂದನ್ನು ಕರಿಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಮೇಲೆ ಕರಿದಾರ, ಬಳೆಚೂರು, ಕಲ್ಲಾದ ನಿಂಬೆಹಣ್ಣು, ಹಿಡಿ ಮಣ್ಣು.

“ನಿಮ್ಮ ಮುತ್ತಾತ ಮಾಟನೂ ಮಾಡ್ತಿದ್ದರಾ ಅಮ್ಮಾ?”

“ಮಾಡಿದಾಕಿ ಗಾದೆಮ್ಮ. ಹೆತ್ತ ಹೊಟ್ಟಿ ಉರಿದು ಮಾಡಿದ್ಳು.”

ಸತ್ತವರನ್ನು ಗೋಡೆಗೆ ಕೂಡಿಸಿ, ಹಾರ ಹಾಕಿ, ಮಣ್ಣಿಗೆ ಒಯ್ಯುವ ಮುಂಚೆ ಕೊನೆಯ ಪಟ ತೆಗೆಸುವ ಪದ್ಧತಿ ಇಲ್ಲಿಯದು. ಯೂಸುಫ್ ಸಾಬನ ಕಾಲದಲ್ಲಿ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕಿತ್ತು. ಅಲುಗಿದವರು ಮಂಕಾಗುತ್ತಿದ್ದರು, ಹೆಣ ಮಾತ್ರ ಕೊರೆದಂತೆ ಮೂಡುತ್ತಿತ್ತು. ಗಾದೆಮ್ಮನ ಮಗಳ ಗಾಜು ತೊಳೆದಾಗ ಸಾಬ ಅದನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡಿದ. ಹುಡುಗಿಯ ಮುಖವೇ ಮಂಕಾಗಿತ್ತು. ಅಲುಗಿದ್ದಳು, ಅಂದರೆ ಜೀವವಿತ್ತು. ಅಷ್ಟರಲ್ಲಿ ಮಣ್ಣಾಗಿತ್ತು. ಕುಣಿ ತೋಡಿ ಎನ್ನಲು ಎದೆ ಸಾಲದೆ, ಆ ಪುಣ್ಯಾತ್ಮ ಗಾಜಿನ ಮೇಲೆ ಬಣ್ಣ ತಿದ್ದಿ, ಚೆಂದದ ಮುಖ ಬರೆದು ಪಟ ಕೊಟ್ಟುಬಿಟ್ಟ. ಸತ್ಯ ತಿಳಿದ ತಾಯಿ ಕುಣಿಯ ಮಣ್ಣು ತಂದು ಗಾಜಿನ ಮೇಲೆ ಸುರಿದಳು. ‘ನನ್ನ ಮಗಳು ಅಲುಗಿದ್ದನ್ನ ಯಾರು ಅಳಿಸ್ತಾರೋ, ಅವರ ಮಕ್ಕಳು ಅಲುಗದಂಗಾಗಲಿ!’

“ನಮ್ಮ ಮುತ್ತಜ್ಜನ ಹಿರೀಮಗ ಆಡ್ತಾ ಆಡ್ತಾ ನಿಂತಲ್ಲೇ ತಣ್ಣಗಾದ. ಬಣ್ಣ ತೊಳದು ಕಟ್ಟಿಟ್ರು. ಅವತ್ತಿಂದ ಯಾರೂ ಮುಟ್ಟಿಲ್ಲರಿ.”

ಆಕೆ ಚಹಾಕ್ಕೆ ಒಳಹೋದದ್ದೇ ತಡ, ಗುರುಬಸವರಾಜ ದಾರ ಹರಿದ. ಗಾಜನ್ನು ಕಿಟಕಿಗೆ ಹಿಡಿದು ಪಟ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ. ಮಂಕು ಕಂಡರೆ ಅವನ ಕೈ ಸುಮ್ಮನಿರದು. ಮಂಕು ತೆಗೆಯುವ ಗುಂಡಿಗೆ ಒಂದು ಒತ್ತು. ಹುಡುಗಿಯ ಮೂಗು ಮೂಡಿತು. ತುಟಿ ಮೂಡಿತು. ರೆಪ್ಪೆ ಮೂಡಿತು.

ಹೊರಗೆ ಕೂಗುತ್ತಿದ್ದ ಕಾಗೆ ತಟ್ಟನೆ ನಿಂತಿತು.

ಫೋನು ಬೆಳಗಿತು. ಅದರ ಮೇಲಿದ್ದುದು ಮಗಳು ಗುಬ್ಬಿಯ ಪಟ. ಒಂದು ಗಳಿಗೆ ನಿಲ್ಲದ ಹುಡುಗಿ. ಯಾವ ಪಟದಲ್ಲೂ ಮುಖ ನೆಟ್ಟಗೆ ಬಂದದ್ದಿಲ್ಲ. ಈಗ ಬಂದಿತ್ತು. ಕೊರೆದಂತೆ.

ಕರೆ ಮಾಡಿದ್ದು ಹಗರಿಬೊಮ್ಮನಹಳ್ಳಿಯ ತವರಿನಲ್ಲಿದ್ದ ಹೆಂಡತಿ ದುರ್ಗಾ. “ಗುಬ್ಬಿ ಆಡ್ತಾ ಬಿದ್ದಾಳ ರೀ... ನಾಡಿ ಇಲ್ಲ ಅಂದ್ರು ಡಾಕ್ಟರು...”

ಅಳಿಸಿದ. ಫೈಲನ್ನೇ ಅಳಿಸಿದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಚಹಾದ ಲೋಟ ಹಿಡಿದು ಬಂದ ಅಜೀಜಬಿ ಹರಿದ ದಾರ ಕಂಡು, ಅವನಿಂದ ಸುದ್ದಿ ಕೇಳಿ ಬಾಗಿಲಲ್ಲೇ ಕುಸಿದಳು.

“ಗಾದೆಮ್ಮನ ಮಗಳಿಗೂ ಹಿಂಗ ಆಗಿತ್ರಿ. ಜೀವ ಇರತೈತಿ, ಯಾರಿಗೂ ಕಾಣಂಗಿಲ್ಲ. ಮಣ್ಣು ಮಾಡಾಕ ಬಿಡಬ್ಯಾಡ್ರಿ. ಕಡೀಕ ಗಾದೆಮ್ಮನೇ ದಾರಿ ಹೇಳಿದ್ಳಂತ, ಕ್ಯಾಮೆರಾದ ಕಣ್ಣು ಬಾಳ ಹೊತ್ತು ತೆರೆದಿಟ್ಟು ನಿಧಾನದ ಪಟ ತೆಗೀಬೇಕಂತ. ಆಕಿ ಅಲುಗಿದ್ದು ಅದರಾಗ ಮೂಡಿದ್ರ ಬಿಡುಗಡಿ. ಆದ್ರ ಗಾದೆಮ್ಮನ ಮಾತು ಸುಳ್ಳಾಗಂಗಿಲ್ಲ. ಆ ಪಟದಾಗ ಒಬ್ಬರು ಅಲುಗದಂಗ ಉಳೀಬೇಕು. ನೀವು ಕುಂದ್ರಬ್ಯಾಡ್ರಿ!”

ಕಾರು ಹೇಗೆ ಓಡಿತೋ ಅವನಿಗೆ ಗೊತ್ತಿಲ್ಲ. ಅಂಗಳದ ತುಂಬ ಚೆಂಡುಹೂವಿನ ವಾಸನೆ. ಗುಬ್ಬಿಯನ್ನು ಗೋಡೆಗೆ ಕೂಡಿಸಿದ್ದರು. ಹಣೆಗೆ ವಿಭೂತಿ. ಕುತ್ತಿಗೆಗೆ ಹಾರ.

“ಎಲ್ಲಾ ಹೊರಗೆ ಹೋಗಿ!” ಎಂದು ಚೀರಿದ. ದುಃಖಕ್ಕೆ ತಲೆ ಕೆಟ್ಟಿತೆಂದು ಜನ ಸರಿದರು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಶಟರ್ ನಿಧಾನ ಮಾಡಿದ. ದುರ್ಗಾಳ ಬೆರಳು ಹಿಡಿದು ಗುಂಡಿ ತೋರಿಸಿದ.

ಪಟದಲ್ಲಿ ಯಾರೋ ಒಬ್ಬರು ಬೇಕು. ಮಗಳ ಪಕ್ಕ ಕುಳಿತ. ತಣ್ಣನೆಯ ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದ.

“ಒತ್ತು.”

ಕ್ಯಾಮೆರಾದ ಕಣ್ಣು ತೆರೆಯಿತು. ಕರ್ಪೂರ ಚಟಪಟ ಎಂದಿತು. ಎಲ್ಲಿಂದಲೋ ಹಸಿಮಣ್ಣಿನ ನಾತ ಬಂತು. ಕ್ಯಾಮೆರಾದ ಕಣ್ಣು ಮುಚ್ಚಿತು.

ದುರ್ಗಾ ಪರದೆ ನೋಡಿದಳು. ಮಗಳ ಮುಖ ಮಂಕಾಗಿತ್ತು.

“ಅಲುಗ್ಯಾಳ! ರೀ, ಗುಬ್ಬಿ ಅಲುಗ್ಯಾಳ!”

ಮಗು ಕೆಮ್ಮಿತು. ಹಾರ ಕಿತ್ತು ಎಸೆಯಿತು. ಹೊರಗಿದ್ದವರೆಲ್ಲ ನುಗ್ಗಿ ಬಂದರು. ದುರ್ಗಾ ಅತ್ತಳು, ನಕ್ಕಳು, ಮತ್ತೆ ಪರದೆ ನೋಡಿದಳು. ಮಗಳ ಪಕ್ಕದಲ್ಲಿ ಗಂಡನ ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಮೂಡಿತ್ತು.

“ಅಪ್ಪಾ,” ಗುಬ್ಬಿ ಕೈ ಜಗ್ಗುತ್ತಿದ್ದಳು, “ಕೈ ಬಿಡಪ್ಪಾ. ನೋಯ್ತೈತಿ.”