ಗೂಟದ ಮೇಲಿನ ಹಸಿರು ಬಳೆ

"ಕೈ ಹಿಡಿದು ಎಳೀಬೇಡ್ರೀ! ಅಜ್ಜಿ ಭುಜ ಜಾರ್ತದೆ!"

ಗಂಗಾಧರಪ್ಪ ಬೆಚ್ಚಿ ಕೈಬಿಟ್ಟ. ತನ್ನ ಅಜ್ಜಿ ಸುಂದ್ರಮ್ಮನನ್ನು ಮಂಚದಿಂದ ಎಬ್ಬಿಸಲು ಹೋಗಿ, ಅಪರಿಚಿತ ಹುಡುಗಿಯಿಂದ ಬೈಸಿಕೊಂಡಿದ್ದ.

ಬೈದವಳು ಗುರುಶಾಂತಮ್ಮ, ಕೃಷ್ಣರಾಜನಗರದ ಆ ವೃದ್ಧಾಶ್ರಮದಲ್ಲಿ ದಾದಿಯ ಸಹಾಯಕಿ. ಅಜ್ಜಿಯ ಬೆನ್ನಿಗೆ ತೋಳು ಕೊಟ್ಟು ನಿರಾಯಾಸವಾಗಿ ಎತ್ತಿ ಕೂರಿಸಿದಳು.

"ನೋಡ್ಲಾ, ಇಂಗೆ ಎತ್ತಬೇಕು. ನೀನು ಕಬ್ಬು ಕಿತ್ತಂಗೆ ಕಿತ್ತೆಯಲ್ಲೋ!" ಎಂದು ಅಜ್ಜಿ ನಕ್ಕಳು.

ಅವನೂ ನಕ್ಕ. ಆದರೆ ಮರುಕ್ಷಣವೇ ಮುಖ ಬಾಡಿತು. ಬಿಳಿ ಸೀರೆ. ಬರಿಗೈ. ಹಣೆಯಲ್ಲಿ ವಿಭೂತಿ ಮಾತ್ರ. ಅಯ್ಯೋ... ಇಷ್ಟು ಚಿಕ್ಕ ವಯಸ್ಸಿಗೇ ಗಂಡನಿಲ್ಲವೇ!

ಮೂರನ್ನೂ ಕೂಡಿಸಿದ. ಮೊತ್ತ ತಪ್ಪಿತು.

ಬಿಳಿ ಸೀರೆ ಆಶ್ರಮದವರು ಕೊಟ್ಟದ್ದು. ಕುಂಕುಮ ಕೆಲಸದ ಬೆವರಿಗೆ ದಿನಾ ಅಳಿಯುತ್ತಿತ್ತು. ವಯಸ್ಸಾದವರ ತೆಳು ಚರ್ಮಕ್ಕೆ ಗಾಜು ಗೀರಬಾರದೆಂದು ಗುರುಶಾಂತಮ್ಮ ಕೆಲಸಕ್ಕೆ ಬರುತ್ತಲೇ ತನ್ನ ಸಡಿಲ ಬಳೆಗಳನ್ನು ಅಡುಗೆಮನೆಯ ಗೂಟಕ್ಕೆ ಹಾಕುತ್ತಿದ್ದಳು. ಇದನ್ನು ಅವನು ಕೇಳಲಿಲ್ಲ. ಕೇಳಿದರೆ ಅವಳಿಗೆ ನೋವಾದೀತೆಂದು ಹೆದರಿದ.

ಪ್ರತಿ ಸೋಮವಾರ ಹುಣಸೂರಿನ ತೋಟದಿಂದ ಮಲ್ಲಿಗೆ ತರುತ್ತಿದ್ದ. ಪೂಜೆಗೆ ಕೊಟ್ಟು ಉಳಿದದ್ದನ್ನು ಅಡುಗೆಯ ಮರಮ್ಮನಿಗೂ ಇತರ ಮುತ್ತೈದೆಯರಿಗೂ ಹಂಚುತ್ತಿದ್ದ. ಗುರುಶಾಂತಮ್ಮನ ಮುಂದೆ ಮಾತ್ರ ಬುಟ್ಟಿ ನಿಲ್ಲುತ್ತಿರಲಿಲ್ಲ.

ಗುರುಶಾಂತಮ್ಮ ಯೋಚಿಸಿದಳು: ನೀರು ಹೊತ್ತುಕೊಡುತ್ತಾನೆ. ಅಜ್ಜಿಯನ್ನು ಎತ್ತುವುದು ಹೇಗೆಂದು ಕಲಿಯುತ್ತಾನೆ. ನಗಿಸುತ್ತಾನೆ. ಹೂ ಮಾತ್ರ ಇಲ್ಲ... ನನ್ನದು ಮಲಮೂತ್ರ ಬಳಿಯುವ ಕೈಯೆಂದು ಹೇಸಿಗೆಯೇ?

ಅವನ ಹೆಜ್ಜೆಯ ಸದ್ದಿಗೆ ತನ್ನೆದೆ ಹಿಗ್ಗುವುದನ್ನು ಅವಳು ಬಲ್ಲಳು. ಅದಕ್ಕೇ ಆ ನೋವು ದೊಡ್ಡದಾಯಿತು. ಎಚ್.ಡಿ. ಕೋಟೆಯಲ್ಲಿ ಹೊಸದಾಗಿ ತೆರೆದ ಆಶ್ರಮಕ್ಕೆ ಸಹಾಯಕಿ ಬೇಕೆಂದಾಗ, ತಾನೇ ಹೋಗುತ್ತೇನೆಂದಳು.

ಹೊರಡುವ ಮುನ್ನಾದಿನ ಅಜ್ಜಿಯ ತಲೆ ಬಾಚುತ್ತಿದ್ದಾಗ ಗಂಗಾಧರಪ್ಪ ಹೂಬುಟ್ಟಿ ಹಿಡಿದು ಏದುಸಿರು ಬಿಡುತ್ತ ಬಂದ.

"ಕೋಟೆಗೆ ಒಂಟ್ರಂತೆ?"

"ಹೂಂ. ನನ್ನ ಕೈ ತಾಕಿದ್ರೆ ನಿಮ್ಮ ಮಲ್ಲಿಗೆ ಮೈಲಿಗೆ ಆಗ್ತದಲ್ಲ!"

"ಮೈಲಿಗೆಯೇ! ಹೂ ಕೊಟ್ರೆ ನಿಮ್ಮ ಮನಸ್ಸು ನೊಂದೀತು ಅಂತ ನಾನು... ಶಾಂತಮ್ಮೋರೆ, ಯಜಮಾನ್ರು ತೀರ್ಕಂಡದ್ದು ನಿಮ್ಮ ತಪ್ಪಲ್ಲ. ನಮ್ಮಲ್ಲಿ ಗಂಡ ಸತ್ತೋರಿಗೂ ಉಡಿಕೆ ಅಂತ ಎರಡನೇ ಮದುವೆ ಉಂಟು. ಸೀರೆ ಉಡಿಸಿ ಮನೆ ತುಂಬಿಸ್ಕತ್ತೀನಿ. ಅವ್ವನ್ನೂ ಒಪ್ಪಿಸಿ ಬಂದಿವ್ನಿ!"

ಬಾಚಣಿಗೆ ನಿಂತಿತು.

"ಯಾರ ಯಜಮಾನ್ರು?"

"ನಿಮ್ಮೋರು..."

"ನಂಗೆ ಮದುವೇನೇ ಆಗಿಲ್ಲ ಕಣ್ರೀ! ಇಲ್ಲದ ಗಂಡನ್ನ ಸಾಯಿಸ್ಬುಟ್ರಲ್ಲ!"

ಸುಂದ್ರಮ್ಮ ಕೆಮ್ಮು ಬರುವಷ್ಟು ನಕ್ಕಳು. "ಲೇ ಮಂಕೇ! ನನ್ನ ಬೆನ್ನು ಗೀರದಿರ್ಲಿ ಅಂತ ಬಳೆ ತೆಗೆದಿಡ್ತಾಳೆ ಕಣ್ಲಾ. ಕೇಳಾಕೆ ಬಾಯಿ ಬಿದ್ದೋಗಿತ್ತಾ?"

ಗಂಗಾಧರಪ್ಪನ ಮುಖ ಕೆಂಪಾಯಿತು. ಗುರುಶಾಂತಮ್ಮನಿಗೂ ನಗು ಬಂತು. ನಗುವಿನ ನಡುವೆಯೇ ಕಣ್ಣು ತುಂಬಿತು. ವಿಧವೆಯೆಂದು ನಂಬಿದ್ದ... ನಂಬಿಯೂ ತಾಯಿಯನ್ನು ಒಪ್ಪಿಸಿ ಬಂದಿದ್ದಾನೆ!

"ನಾಳೆ ಬಸ್ಸು ಹತ್ತಾಕಿಲ್ಲ" ಎಂದಳು ಮೆಲ್ಲನೆ. ಗೂಟದಿಂದ ಹಸಿರು ಬಳೆಗಳನ್ನು ತಂದು, ಅವನೆದುರೇ ತೊಟ್ಟಳು. ಅವನು ಬುಟ್ಟಿಯ ಮಲ್ಲಿಗೆಯನ್ನೆಲ್ಲ ಅವಳ ಸೆರಗಿಗೆ ಸುರಿದ.

"ಆದ್ರೆ ಕೇಳಿ. ಮದುವೆ ಆದ್ರೂ ಈ ಕೆಲಸ ಬುಡಾಕಿಲ್ಲ. ಗಂಡ ಇರೋಳು ದಿನಾ ಬಳೆ ತೆಗೆದ್ರೆ ಅಪಶಕುನ ಅಂತ ನಿಮ್ಮೋರು ಆಡ್ಕಳಾಕಿಲ್ವಾ?"

ಅವನು ಉತ್ತರಿಸುವ ಮೊದಲೇ ಮಂಚದಿಂದ ಅಜ್ಜಿಯ ಕೂಗು ಬಂತು. "ಶಾಂತಾ, ಆ ಕಡೆ ಮಗ್ಗುಲಾಗ್ಬೇಕು ಕಣವ್ವ, ಬಾ!"

ಅವಳ ಕೈ ಅಭ್ಯಾಸದಂತೆ ಬಳೆಗೆ ಹೋಯಿತು. ಹೋಗಿ, ತಡೆದು ನಿಂತಿತು.

ಗಂಗಾಧರಪ್ಪ ಅಂಗೈ ಚಾಚಿದ. "ಗೂಟಕ್ಕೆ ಯಾಕೆ ಆಕ್ತೀರಿ? ಇಲ್ಲಿ ಕೊಡಿ. ಗಂಡನ ಕೈಲಿದ್ರೆ ತೆಗೆದಂಗಾಗಾಕಿಲ್ಲ."

ಅವಳು ಒಂದೊಂದಾಗಿ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ಜ್ವಾಪಾನ... ಗಾಜು!"

"ನೀವು ಬರೋಗಂಟ ಅಲ್ಲಾಡಾಕಿಲ್ಲ ಕಣ್ರೀ."